ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಗಾಳಿ: ಎಸಿ ತೊಂದರೆ (ಪರಿಹಾರ ಸಿಕ್ಕಿದೆ)

ಬಿಸಿಲೂರಿನವ:
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹೈವೇಯಲ್ಲಿ ಎಸಿ ಚೆನ್ನಾಗಿ ತಂಪು ಕೊಡುತ್ತದೆ. ಊರೊಳಗೆ ಬಂದು ಸಿಗ್ನಲ್‌ನಲ್ಲಿ ನಿಂತರೆ ಸ್ವಲ್ಪ ಹೊತ್ತಿಗೇ ಬಿಸಿ ಗಾಳಿ ಶುರು. ಗಾಡಿ ಹೊರಟರೆ ಮತ್ತೆ ತಂಪು.

ಬೇಸಿಗೆ ಶುರುವಿನಲ್ಲಿ ಇಲ್ಲೇ ಒಂದು ಅಂಗಡಿಯಲ್ಲಿ ತೋರಿಸಿದೆ. ಗ್ಯಾಸ್ ಕಡಿಮೆ ಇದೆ ಎಂದು ಹಾಕಿದರು. ಸರಿ ಹೋಗಲಿಲ್ಲ. ಮತ್ತೆ ಹೋದಾಗ ಇನ್ನಷ್ಟು ಹಾಕಿದರು. ಈಗ ಮೊದಲಿಗಿಂತ ಜಾಸ್ತಿ ತೊಂದರೆ. ಈಗ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ಹೋಗಿದೆ, ಬದಲಾಯಿಸಿ ಅನ್ನುತ್ತಿದ್ದಾರೆ. ಅಷ್ಟು ದುಡ್ಡು ಹಾಕುವ ಮೊದಲು ತಿಳಿದವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ. ವಯಸ್ಸಾದ ಅಪ್ಪನನ್ನು ಈ ಬಿಸಿಲಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಓಡಾಡಬೇಕು, ಎಸಿ ಇಲ್ಲದೆ ಆಗಲ್ಲ.

ಬ್ಲೋವರ್ ಗಾಳಿ ಜೋರಾಗಿಯೇ ಇದೆ. ಕ್ಯಾಬಿನ್ ಫಿಲ್ಟರ್ ಹೊಸದು. ಇಂಜಿನ್ ಟೆಂಪರೇಚರ್ ಮುಳ್ಳು ಯಾವಾಗಲೂ ಮಧ್ಯದಲ್ಲೇ ಇರುತ್ತದೆ.

ಕೋಲಾರ_ಕಾರು:
ಬ್ರದರ್, ನನ್ನ ಗಾಡಿಯಲ್ಲೂ ಹೀಗೇ ಆಗುತ್ತಿದೆ. ಐಡ್ಲಿಂಗ್‌ನಲ್ಲಿ ತಂಪು ಇಲ್ಲ ಅಂದರೆ ಕಂಪ್ರೆಸರ್ ವೀಕ್ ಅಂತಲೇ ಎಲ್ಲರೂ ಹೇಳುತ್ತಾರೆ. ನಾನೂ ಬದಲಾಯಿಸುವ ಯೋಚನೆಯಲ್ಲಿದ್ದೇನೆ.

ಹುಬ್ಬಳ್ಳಿ_ಗೇಜ್:
ಇಬ್ಬರೂ ಸ್ವಲ್ಪ ತಡೀರಿ. ನಾನು ಕಾರ್ ಎಸಿ ಕೆಲಸ ಮಾಡುವವನು. ಈ ಲಕ್ಷಣಕ್ಕೆ ಎರಡು ಮುಖ್ಯ ಕಾರಣ ಇರಬಹುದು. ಒಂದು, ಕಂಪ್ರೆಸರ್ ನಿಜವಾಗಿಯೂ ಸೋತಿರುವುದು. ಇನ್ನೊಂದು, ಗ್ಯಾಸಿನ ಬಿಸಿ ಹೊರಗೆ ಬಿಡುವ ಮುಂದಿನ ಜಾಲಿ, ಅಂದರೆ ಕಂಡೆನ್ಸರ್‌ಗೆ ಗಾಳಿ ಸಾಲದಿರುವುದು. ಇವೆರಡನ್ನೂ ಬೇರ್ಪಡಿಸಲು ಸ್ಪ್ಯಾನರ್ ಕೂಡ ಬೇಡ.

ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಸಿ ಫುಲ್ ಇಡಿ. ಬಿಸಿ ಗಾಳಿ ಬರಲು ಶುರುವಾದ ಮೇಲೆ ಆಕ್ಸಿಲರೇಟರ್ ಒತ್ತಿ 2000 ಆರ್‌ಪಿಎಂ ಹಿಡಿಯಿರಿ. ನಿಂತಲ್ಲೇ ತಂಪು ಬಂದರೆ ಕಂಪ್ರೆಸರ್ ಮೇಲೆ ಅನುಮಾನ ಪಡಬಹುದು, ಯಾಕೆಂದರೆ ಜೋರಾಗಿ ತಿರುಗಿದಾಗ ಮಾತ್ರ ಅದು ಪಂಪ್ ಮಾಡುತ್ತಿದೆ. ತಂಪು ಬರದೆ ಇನ್ನೂ ಬಿಸಿಯಾದರೆ, ಗಾಡಿ ಓಡಿದಾಗ ಮಾತ್ರ ತಂಪಾದರೆ, ತೊಂದರೆ ಗಾಳಿಯದು. ಓಡುವ ಗಾಡಿಗೆ ಎದುರು ಗಾಳಿ ಸಿಗುತ್ತದೆ. ನಿಂತ ಗಾಡಿಗೆ ಫ್ಯಾನ್ ಒಂದೇ ಗತಿ.

ಜೊತೆಗೆ ಬಾನೆಟ್ ತೆರೆದು ಎಸಿ ಹಾಕಿಸಿ ನೋಡಿ. ಫ್ಯಾನ್ ತಿರುಗುತ್ತಾ? ಕೈ ಒಳಗೆ ಹಾಕಬೇಡಿ, ಅದು ಯಾವಾಗ ಬೇಕಾದರೂ ಶುರುವಾಗಬಹುದು. ಆಮೇಲೆ ಮುಂದಿನ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ಪೈಪಿನಿಂದ ಮೆಲ್ಲಗೆ ನೀರು ಬಿಡಿ. ತಂಪು ವಾಪಸ್ ಬಂದರೆ ಕಂಪ್ರೆಸರ್ ಬಗ್ಗೆ ಸದ್ಯಕ್ಕೆ ಮರೆತುಬಿಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಸಿ ಗ್ಯಾಸ್ ಪೆಟ್ರೋಲ್ ತರಹ ಖರ್ಚಾಗುವ ವಸ್ತು ಅಲ್ಲ. ಒಂದೇ ಗ್ಯಾಸ್ ಒಳಗೆ ಸುತ್ತುತ್ತಿರುತ್ತದೆ. ಮೆದು ಪೈಪು, ಸೀಲುಗಳ ಮೂಲಕ ವರ್ಷಗಟ್ಟಲೆಯಲ್ಲಿ ಸ್ವಲ್ಪ ಹೋಗುತ್ತದೆ, ಅಷ್ಟೇ. ಬೇಗ ಕಡಿಮೆಯಾದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ, ತೂಕ ನೋಡದೆ ಸುಮ್ನೆ ಗ್ಯಾಸ್ ತುಂಬುವುದು ರಿಪೇರಿ ಅಲ್ಲ. ಎಷ್ಟೋ ಒಳ್ಳೆಯ ಕಂಪ್ರೆಸರ್‌ಗಳು ಹೀಗೆ ಹಾಳಾಗುವುದನ್ನು ನೋಡಿ ಸಂಕಟವಾಗುತ್ತದೆ.

ಬಿಸಿಲೂರಿನವ:
ಅಣ್ಣಾ, ಹೇಳಿದ್ದೆಲ್ಲ ಮಾಡಿದೆ. ನಿಂತಲ್ಲೇ ರೇಸ್ ಮಾಡಿದರೆ ಇನ್ನೂ ಬಿಸಿ ಆಯಿತು. ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ತಂಪು ಬಂತು!

ಎಸಿ ಹಾಕಿದಾಗ ಫ್ಯಾನ್ ತಿರುಗುವುದಿಲ್ಲ. ಆದರೆ ಇಂಜಿನ್ ಬಿಸಿಯಾದ ಮೇಲೆ ಜೋರಾಗಿ ತಿರುಗಿ ನಿಲ್ಲುತ್ತದೆ. ಹಾಗಾದರೆ ಫ್ಯಾನ್ ಸರಿ ಇದೆ ಅಲ್ವಾ?

ಹುಬ್ಬಳ್ಳಿ_ಗೇಜ್:
ಮೋಟಾರ್ ಸರಿ ಇದೆ. ಕೆಟ್ಟಿರುವುದು ನಿಧಾನದ ಸ್ಪೀಡ್. ನಿಮ್ಮ ತರಹದ ಗಾಡಿಗಳಲ್ಲಿ ಫ್ಯಾನ್‌ಗೆ ಎರಡು ಸ್ಪೀಡ್ ಇರುತ್ತದೆ. ಎಸಿ ಹಾಕಿದ ಕೂಡಲೇ ನಿಧಾನದ ಸ್ಪೀಡ್ ಶುರುವಾಗಬೇಕು. ಇಂಜಿನ್ ನೀರು ತುಂಬಾ ಬಿಸಿಯಾದಾಗ ಜೋರಿನ ಸ್ಪೀಡ್ ಬರುತ್ತದೆ. ಜೋರಿನದು ಕೆಲಸ ಮಾಡುತ್ತಿರುವುದರಿಂದ ಮುಳ್ಳು ಮಧ್ಯದಲ್ಲೇ ಇದೆ. ಮುಳ್ಳು ಸರಿ ಇದೆ ಅಂದ ಮಾತ್ರಕ್ಕೆ ಎಸಿಗೆ ಬೇಕಾದ ಗಾಳಿ ಸಿಗುತ್ತಿದೆ ಅಂತಲ್ಲ. ಬಹಳ ಜನ ಇಲ್ಲೇ ದಾರಿ ತಪ್ಪುತ್ತಾರೆ.

ಮೊದಲು ಫ್ಯೂಸ್ ನೋಡಿ. ಆಮೇಲೆ ಫ್ಯಾನ್ ರಿಲೇ (ಕರೆಂಟ್ ಕೊಡುವ ಸಣ್ಣ ಸ್ವಿಚ್ ಡಬ್ಬಿ) ತೆಗೆದು, ಅದೇ ನಂಬರಿನ ಬೇರೆ ರಿಲೇ ಹಾಕಿ ನೋಡಿ. ಹಾರ್ನ್ ರಿಲೇ ಎಷ್ಟೋ ಸಲ ಅದೇ ಇರುತ್ತದೆ. ಅದಕ್ಕೂ ಬಗ್ಗದಿದ್ದರೆ ಫ್ಯಾನ್ ಹತ್ತಿರ ನಿಧಾನದ ಸ್ಪೀಡಿಗಾಗಿ ಕರೆಂಟ್ ತಗ್ಗಿಸುವ ಒಂದು ರೆಸಿಸ್ಟರ್ ಇರುತ್ತದೆ. ಎಸಿ ಹಾಕಿ ಅದರ ಒಂದು ಕಡೆ 12 ವೋಲ್ಟ್ ಬಂದು ಇನ್ನೊಂದು ಕಡೆ ಏನೂ ಇಲ್ಲದಿದ್ದರೆ ಅದೇ ಸುಟ್ಟಿದೆ. ದಯವಿಟ್ಟು ವೈರ್ ಹಾಕಿ ನೇರ ಜೋಡಿಸಬೇಡಿ, ಬೆಂಕಿಗೆ ದಾರಿ ಆಗುತ್ತದೆ.

ಕಂಡೆನ್ಸರ್ ಕೂಡ ತೊಳೆಸಿ. ನಿಮ್ಮ ಕಡೆ ತೊಗರಿ ರಾಶಿ ಸಮಯದ ಹೊಟ್ಟು, ಧೂಳು ಎಲ್ಲ ಜಾಲಿಯಲ್ಲಿ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ, ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಇರುತ್ತದೆ. ಆಗುವುದಾದರೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಹೊಡೆಯಬೇಕು. ವಾಟರ್ ಸರ್ವಿಸ್‌ನವರ ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿ ಗಾಳಿ ಪೂರ್ತಿ ನಿಲ್ಲುತ್ತದೆ.

ಬಿಸಿಲೂರಿನವ:
ರೆಸಿಸ್ಟರ್ ಸುಟ್ಟಿತ್ತು! ಹೊಸದು ಹಾಕಿಸಿದೆ. ಈಗ ಎಸಿ ಹಾಕಿದ ತಕ್ಷಣ ಫ್ಯಾನ್ ಬರುತ್ತದೆ. ತೊಳೆಸಿದಾಗ ಬಂದ ಕಸ ನೋಡಿ ಮೆಕ್ಯಾನಿಕ್ ಕೂಡ ಆಶ್ಚರ್ಯಪಟ್ಟರು.

ಈಗ ಎಷ್ಟೋ ವಾಸಿ. ಆದರೆ ಮಧ್ಯಾಹ್ನ ಸಿಗ್ನಲ್‌ನಲ್ಲಿ ಇನ್ನೂ ಪೂರ್ತಿ ತಂಪಿಲ್ಲ. ಗ್ಯಾಸಿನ ಒತ್ತಡ ನೋಡಲು ಎರಡೂ ಕಡೆ ಗೇಜ್ ಹಾಕಿಸಿದೆ: ಕಂಪ್ರೆಸರ್‌ಗೆ ಗ್ಯಾಸ್ ಬರುವ ಲೋ ಸೈಡ್, ಅದು ಒತ್ತಿ ಕಳಿಸುವ ಹೈ ಸೈಡ್. ಹೊರಗೆ 39 ಡಿಗ್ರಿ, ಐಡ್ಲಿಂಗ್‌ನಲ್ಲಿ ಲೋ ಸೈಡ್ 58 ಪಿಎಸ್‌ಐ, ಹೈ ಸೈಡ್ 310.

ಹುಬ್ಬಳ್ಳಿ_ಗೇಜ್:
ಎರಡೂ ಕಡೆ ಗೇಜ್ ಹಾಕಿಸಿದ್ದು ಒಳ್ಳೆಯದಾಯಿತು. ಲೋ ಸೈಡ್ ಒಂದನ್ನೇ ನೋಡಿ ಗ್ಯಾಸ್ ಹಾಕುವುದು ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ಎರಡೂ ಮುಳ್ಳು ಮೇಲಿದ್ದರೆ ಕಂಡೆನ್ಸರ್ ಬಿಸಿ ಬಿಡಲು ಒದ್ದಾಡುತ್ತಿದೆ ಎಂದರ್ಥ. ಎರಡೂ ಕೆಳಗಿದ್ದರೆ ಹೆಚ್ಚಾಗಿ ಗ್ಯಾಸ್ ಕಡಿಮೆ. ಲೋ ಮೇಲೆ, ಹೈ ಕೆಳಗೆ ಇದ್ದರೆ ಮಾತ್ರ ಕಂಪ್ರೆಸರ್ ಸೋತ ಲಕ್ಷಣ. ನಿಮ್ಮ ಕಂಪ್ರೆಸರ್ 310ರವರೆಗೆ ಒತ್ತುತ್ತಿದೆ. ಅದು ಗಟ್ಟಿಯಾಗಿದೆ!

ಫ್ಯಾನ್ ಸರಿಯಾಗಿದೆ, ಜಾಲಿ ಶುಚಿಯಾಗಿದೆ. ಉಳಿದದ್ದು ಎರಡೇ: ಗ್ಯಾಸ್ ಜಾಸ್ತಿ, ಇಲ್ಲವೇ ಒಳಗೆ ಗಾಳಿ ಸೇರಿದೆ. ಅದಕ್ಕೂ ಪರೀಕ್ಷೆ ಇದೆ. ಬೆಳಿಗ್ಗೆ ಇಂಜಿನ್ ಶುರು ಮಾಡುವ ಮೊದಲು ಗೇಜ್ ಹಾಕಿಸಿ. ನಿಮ್ಮದು ಆರ್-134ಎ ಗ್ಯಾಸ್. 30 ಡಿಗ್ರಿಯಲ್ಲಿ ನಿಂತಾಗ ಎರಡೂ ಕಡೆ ಸುಮಾರು 97 ಪಿಎಸ್‌ಐ ಇರಬೇಕು. 35 ಡಿಗ್ರಿಗೆ 114. ಒಳಗೆ ಸ್ವಲ್ಪವಾದರೂ ಗ್ಯಾಸ್ ದ್ರವವಾಗಿ ಇದ್ದರೆ, ಒಟ್ಟು ಗ್ಯಾಸ್ ಎಷ್ಟೇ ಇರಲಿ ಈ ಲೆಕ್ಕ ಬದಲಾಗುವುದಿಲ್ಲ. ಅದಕ್ಕಿಂತ ತುಂಬಾ ಮೇಲಿದ್ದರೆ ಗಾಳಿ ಸೇರಿದೆ.

ಬಿಸಿಲೂರಿನವ:
ಬೆಳಿಗ್ಗೆ 30 ಡಿಗ್ರಿ ಇತ್ತು. ಎರಡೂ ಕಡೆ 98.

ಹುಬ್ಬಳ್ಳಿ_ಗೇಜ್:
ಹಾಗಾದರೆ ಗಾಳಿ ಇಲ್ಲ, ಗ್ಯಾಸೇ ಜಾಸ್ತಿ. ಕಂಡೆನ್ಸರ್‌ನ ಕೆಳಭಾಗ ದ್ರವದಿಂದ ತುಂಬಿ, ಬಿಸಿ ಬಿಡಲು ಜಾಗ ಕಡಿಮೆಯಾಗಿದೆ. ಗ್ಯಾಸನ್ನು ಹೊರಗೆ ಬಿಡದೆ ಎಳೆದುಕೊಳ್ಳುವ ರಿಕವರಿ ಮಷಿನ್ ಇರುವಲ್ಲಿಗೇ ಹೋಗಿ. ವಾಲ್ವ್ ಒತ್ತಿ ಹೊರಗೆ ಬಿಡಲು ಒಪ್ಪಬೇಡಿ. ಕೈಗೆ, ಕಣ್ಣಿಗೆ ತಾಗಿದರೆ ಮಂಜಿನ ಗಾಯ ಆಗುತ್ತದೆ. ವಾತಾವರಣಕ್ಕೂ ಕೆಟ್ಟದ್ದು, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಈ ಗ್ಯಾಸ್ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮೇಲೆ.

ಗ್ಯಾಸ್ ಪೂರ್ತಿ ತೆಗೆಸಿ, ಅರ್ಧ ಗಂಟೆ ವ್ಯಾಕ್ಯೂಮ್ ಎಳೆಸಿ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಏರದೆ ನಿಲ್ಲುತ್ತದಾ ನೋಡಿ, ಏರಿದರೆ ಲೀಕ್ ಇರಬಹುದು. ಆಮೇಲೆ ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಎಷ್ಟು ಗ್ರಾಂ ಬರೆದಿದೆಯೋ ಅಷ್ಟೇ ತೂಕ ಮಾಡಿ ಹಾಕಿಸಿ. ತೆಗೆಯುವಾಗ ಎಷ್ಟು ಆಯಿಲ್ ಬರುತ್ತದೋ ಅಷ್ಟನ್ನು ವಾಪಸ್ ಹಾಕಬೇಕು, ಅದೇ ಗ್ರೇಡ್.

ಬಿಸಿಲೂರಿನವ:
ಅಣ್ಣಾ, ಕೆಲಸ ಮುಗಿಯಿತು. ಸ್ಟಿಕರ್‌ನಲ್ಲಿ 420 ಗ್ರಾಂ ಇದೆ. ಮಷಿನ್ ಹೊರಗೆ ತೆಗೆದದ್ದು 570 ಗ್ರಾಂ! ವ್ಯಾಕ್ಯೂಮ್ ಅಲ್ಲಾಡದೆ ನಿಂತಿತು. 420 ಹಾಕಿಸಿದೆವು. ಈಗ ಹೊರಗೆ 39 ಡಿಗ್ರಿಯಲ್ಲಿ, ಐಡ್ಲಿಂಗ್‌ನಲ್ಲಿ ಲೋ 40, ಹೈ 235. ನಡುವಿನ ವೆಂಟ್‌ನಲ್ಲಿ ನಿಂತಾಗ 11 ಡಿಗ್ರಿ, ಓಡುವಾಗ 8. ಕಂಪ್ರೆಸರ್ ಹಳೆಯದೇ. ತುಂಬಾ ಉಪಕಾರವಾಯಿತು.

ಹುಬ್ಬಳ್ಳಿ_ಗೇಜ್:
ಬಹಳ ಖುಷಿ ಆಯಿತು. ಸರ್ವಿಸ್ ವಾಲ್ವ್‌ಗಳ ಪ್ಲಾಸ್ಟಿಕ್ ಕ್ಯಾಪ್ ಎರಡೂ ಗಟ್ಟಿಯಾಗಿ ಇವೆಯಾ ನೋಡಿ. ಅಂಗಡಿಯಲ್ಲಿ ಇದನ್ನೇ ಮರೆತು ಬಿಡುತ್ತಾರೆ, ಆಮೇಲೆ ಅಲ್ಲಿಂದಲೇ ಗ್ಯಾಸ್ ಹೋಗುತ್ತದೆ. ಮುಂದೆ ಯಾವತ್ತಾದರೂ ತಂಪು ಕಡಿಮೆಯಾದರೆ ಮೊದಲು ಪೈಪಿನ ಜಾಯಿಂಟ್‌ಗಳಲ್ಲಿ ಎಣ್ಣೆ ಜಿಡ್ಡು ಇದೆಯಾ ಹುಡುಕಿ. ಗ್ಯಾಸ್ ಸೋರಿದ ಕಡೆ ಎಣ್ಣೆಯೂ ಬಂದಿರುತ್ತದೆ.

ಕೋಲಾರ_ಕಾರು:
ಸರ್, ನಾನೂ 2000 ಆರ್‌ಪಿಎಂ ಟೆಸ್ಟ್ ಮಾಡಿದೆ. ನನ್ನದರಲ್ಲಿ ನಿಂತಲ್ಲೇ ತಂಪು ಬರುತ್ತದೆ. ಫ್ಯಾನ್ ಕೂಡ ತಿರುಗುತ್ತಿದೆ.

ಹುಬ್ಬಳ್ಳಿ_ಗೇಜ್:
ನಿಮ್ಮದು ಬೇರೆ ಕೇಸ್, ಕಂಪ್ರೆಸರ್ ಇರಬಹುದು. ಆದರೆ ಗ್ಯಾಸ್ ಸ್ವಲ್ಪ ಕಡಿಮೆ ಇದ್ದರೂ ಹೀಗೇ ಆಗುತ್ತದೆ, ಆದ್ದರಿಂದ ಈಗಲೇ ಬದಲಾಯಿಸಬೇಡಿ. ಐಡ್ಲಿಂಗ್‌ನಲ್ಲಿ ಒಮ್ಮೆ, 2000ದಲ್ಲಿ ಒಮ್ಮೆ, ಎರಡೂ ಕಡೆಯ ರೀಡಿಂಗ್ ತೆಗೆಸಿ, ಹೊರಗಿನ ಉಷ್ಣಾಂಶದ ಜೊತೆ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.