ಸಹಾಯ ಬೇಕು: ರಾಜಿಯಾದ ದಾವೆಯ ಖರ್ಚು ಕೇಳಬಹುದೇ?

ಕಾನೂನು ಬಲ್ಲವರಿಗೂ ಸಿವಿಲ್ ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿದವರಿಗೂ ನಮಸ್ಕಾರ.

ಕೊಟ್ಟ ಸಾಲ ಹಿಂದಿರುಗದೆ ನಾನು ಹೂಡಿದ್ದ ವಸೂಲಿ ದಾವೆ, ಸಾಕ್ಷಿ ವಿಚಾರಣೆಗೆ ಮೊದಲೇ ರಾಜಿಯಾಗಿದೆ. ಅಸಲು ಪೂರ್ತಿ ಕೊಡಲು ಎದುರು ಪಕ್ಷದವರು ಒಪ್ಪಿದ್ದಾರೆ, ನಾನು ಬಡ್ಡಿ ಬಿಟ್ಟಿದ್ದೇನೆ. ಪೀಡೆ ಕಳೆಯಿತೆಂದು ಸಹಿ ಹಾಕಿಬಿಟ್ಟೆ. ಮನೆಗೆ ಬಂದು ಓದಿದರೆ ದಾವೆಯ ಖರ್ಚಿನ ಬಗ್ಗೆ ಒಂದಕ್ಷರವೂ ಇಲ್ಲ!

ತೀರ್ಪಾಗಿದ್ದರೆ ಸೋತವರಿಂದ ಖರ್ಚು ಕೊಡಿಸಿ ಎನ್ನಬಹುದಿತ್ತು. ರಾಜಿಯಲ್ಲಿ ಸೋತವರೇ ಇರುವುದಿಲ್ಲ. ಪತ್ರದಲ್ಲಿ ಬರೆಯದಿದ್ದರೆ ಅವರವರ ಖರ್ಚು ಅವರವರ ತಲೆಗೇ ಬರುವ ಸಂಭವ ಹೆಚ್ಚೆಂಬುದು ಗೊತ್ತಿದೆ. ಆದರೆ ನ್ಯಾಯಾಲಯ ರಾಜಿಯನ್ನು ಇನ್ನೂ ದಾಖಲಿಸಿಕೊಂಡಿಲ್ಲ. ಈಗ ಇಬ್ಬರೂ ಒಪ್ಪಿ ಒಂದು ಷರತ್ತು ಸೇರಿಸಬಹುದೇ? ಅವರು ಒಪ್ಪದಿದ್ದರೆ ಖರ್ಚಿನ ಪ್ರಶ್ನೆಯನ್ನು ಮಾತ್ರ ನ್ಯಾಯಾಧೀಶರ ತೀರ್ಮಾನಕ್ಕೆ ಬಿಡಲು ದಾರಿ ಇದೆಯೇ?

ಇನ್ನೊಂದು ತೊಡಕು. ಮೂರು ಬಾರಿ ಸುಮ್ಮನೆ ಮುಂದೂಡಿಕೆ ಕೇಳಿದ್ದಕ್ಕೆ ನ್ಯಾಯಾಲಯ ಅವರಿಗೆ ಖರ್ಚು ವಿಧಿಸಿತ್ತು. ಅದನ್ನು ಅವರು ಇಂದಿಗೂ ಕಟ್ಟಿಲ್ಲ. ರಾಜಿ ಪತ್ರದಲ್ಲಿ ‘ಪರಸ್ಪರ ಬೇರಾವ ಹಕ್ಕೂ ಉಳಿದಿಲ್ಲ’ ಎಂಬ ಸಾಲಿದೆ. ಆ ಸಾಲು ಹಳೆಯ ಆದೇಶವನ್ನೂ ನುಂಗುತ್ತದೆಯೇ?

ನ್ಯಾಯಾಲಯ ಶುಲ್ಕದ ವಾಪಸಾತಿಯನ್ನು ಎದುರಾಳಿಯಿಂದಲ್ಲ, ನ್ಯಾಯಾಲಯದಿಂದಲೇ ಕೇಳಬೇಕಂತೆ. ಅದಕ್ಕೆ ಪ್ರತ್ಯೇಕ ಅರ್ಜಿ ಬೇಕೇ?

ಶುಲ್ಕದ ರಸೀದಿಗಳಿವೆ. ವಕೀಲರಿಗೆ ಕೊಟ್ಟ ಹಣದಲ್ಲಿ ಅರ್ಧಕ್ಕೆ ಮಾತ್ರ ರಸೀದಿ ಇದೆ, ಉಳಿದದ್ದು ನನ್ನ ಸಂಕೋಚದ ಫಲ. ಮುಂದಿನ ವಾರವೇ ವಾಯಿದೆ ಇದೆ. ಇಂಥದ್ದನ್ನು ಸ್ವತಃ ಕಂಡವರು ದಯವಿಟ್ಟು ತಿಳಿಸಿ.