ರೋಗಿ ಹೇಳುವ ಕುಡಿತದ ಲೆಕ್ಕವನ್ನು ಎಷ್ಟು ನಂಬಬಹುದು?

ಪ್ರಶ್ನೆ:
ಮದ್ಯವ್ಯಸನ ಚಿಕಿತ್ಸೆಯ ಅಧ್ಯಯನಕ್ಕೆ ಪ್ರೋಟೊಕಾಲ್ ಬರೆಯುತ್ತಿದ್ದೇನೆ. ಎರಡು ಗುಂಪು, 90 ದಿನಗಳ ಫಾಲೋ ಅಪ್. ಕುಡಿಯದ ದಿನ ಎಷ್ಟು, ಮಿತಿಮೀರಿ ಕುಡಿದ ದಿನ ಎಷ್ಟು ಎಂಬುದೇ ಮುಖ್ಯ ಅಳತೆ. ರೋಗಿಯ ಮಾತು ನಂಬುವ ಬದಲು ರಕ್ತಪರೀಕ್ಷೆಯೊಂದನ್ನೇ ಇಟ್ಟುಕೊಂಡರೆ ಸಾಲದೇ?

ಉತ್ತರ 1:
ಸಾಲದು. ಯಾವ ದಿನ ಎಷ್ಟು ಕುಡಿದರು ಎಂಬುದನ್ನು ಯಾವ ಪರೀಕ್ಷೆಯೂ ಹೇಳುವುದಿಲ್ಲ. ರೋಗಿ ನಿಜ ಹೇಳುತ್ತಾನೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ನೀವು ಕೇಳುವ ರೀತಿಯ ಮೇಲಿದೆ. ಮೊದಲು ಊದಿಸಿ ನೋಡಿ. ಬ್ರೆತ್ ಟೆಸ್ಟ್ ಸೊನ್ನೆ ಬರದಿದ್ದರೆ ಸಂದರ್ಶನ ಇನ್ನೊಂದು ದಿನಕ್ಕೆ. ಚಿಕಿತ್ಸೆ ಕೊಡುವ ಕೌನ್ಸೆಲರ್ ಕೈಯಲ್ಲಿ ಕೇಳಿಸಲೇಬೇಡಿ, ಅವರ ಮನಸ್ಸು ನೋಯಬಾರದೆಂದೇ ರೋಗಿಗಳು ಕಡಿಮೆ ಹೇಳುತ್ತಾರೆ. ಉತ್ತರ ಮನೆಯವರಿಗಾಗಲಿ ಕೆಲಸದ ಮಾಲೀಕರಿಗಾಗಲಿ ಹೋಗುವುದಿಲ್ಲ ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಿ.

"ವಾರಕ್ಕೆ ಎಷ್ಟು ಕುಡೀತೀರಿ?" ಎಂದರೆ ಅಂದಾಜು ಸರಾಸರಿ ಬರುತ್ತದೆ, ಒಂದೇ ದಿನ ವಿಪರೀತ ಕುಡಿದದ್ದು ಅದರಲ್ಲಿ ಕರಗಿಹೋಗುತ್ತದೆ. ಸೋಬೆಲ್ ದಂಪತಿ ರೂಪಿಸಿದ ಟೈಮ್‌ಲೈನ್ ಫಾಲೋಬ್ಯಾಕ್ ವಿಧಾನದಲ್ಲಿ ಕ್ಯಾಲೆಂಡರ್ ಮುಂದಿಟ್ಟುಕೊಂಡು ಪ್ರತಿ ದಿನದ ಮನೆಯನ್ನೂ ತುಂಬುತ್ತೀರಿ. ಬಟವಾಡೆ, ಸಂತೆ, ಊರ ಜಾತ್ರೆ, ಯುಗಾದಿ ಮಾರನೆಯ ಹೊಸತೊಡಕು ಮೊದಲೇ ಗುರುತಾಗಿರಲಿ, ನೆನಪು ಅವುಗಳನ್ನು ಹಿಡಿದೇ ಹಿಂದಕ್ಕೆ ಹೋಗುತ್ತದೆ. ಅಯ್ಯಪ್ಪ ಮಾಲೆ ಹಾಕಿದ 41 ದಿನಗಳನ್ನು ಬೇರೆಯಾಗಿ ಗುರುತಿಸಿ. ಇಲ್ಲದಿದ್ದರೆ ವ್ರತದ ಫಲವನ್ನು ಔಷಧದ ಖಾತೆಗೆ ಬರೆದಂತಾಗುತ್ತದೆ.

ಉತ್ತರ 2:
ಪ್ರಮಾಣದಲ್ಲಿ ಇನ್ನೂ ದೊಡ್ಡ ತಪ್ಪಾಗುತ್ತದೆ. ಪೆಗ್ ಲೆಕ್ಕ ಕೇಳಬೇಡಿ, ಮನೆಯಲ್ಲಿ ಸುರಿದುಕೊಳ್ಳುವ ಪೆಗ್‌ಗೆ ಅಳತೆಯೇ ಇಲ್ಲ. ನೈಂಟಿ, ಕ್ವಾರ್ಟರ್, ಬಿಯರ್ ಬಾಟಲಿಗಳ ಖಾಲಿ ಮಾದರಿ ಮೇಜಿನ ಮೇಲಿಡಿ, ಎಷ್ಟು ಮಂದಿ ಹಂಚಿಕೊಂಡರು ಎಂದೂ ಕೇಳಿ. ಶೇ. 42.8ರ 180 ಮಿ.ಲೀ. ಕ್ವಾರ್ಟರ್‌ನಲ್ಲಿ ಸುಮಾರು 61 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ಶೇ. 8ರ 650 ಮಿ.ಲೀ. ಸ್ಟ್ರಾಂಗ್ ಬಿಯರ್‌ನಲ್ಲಿ ಸುಮಾರು 41 ಗ್ರಾಂ. ಒಂದು ಡ್ರಿಂಕ್ ಎಂದರೆ 10 ಗ್ರಾಂ ಆಲ್ಕೋಹಾಲ್ ಎಂಬ ಅಳತೆಯಲ್ಲಿ ಕ್ವಾರ್ಟರ್ ಎಂದರೆ 6 ಡ್ರಿಂಕ್, ಅಮೆರಿಕದ 14 ಗ್ರಾಂ ಅಳತೆಯಲ್ಲಿ 4ಕ್ಕಿಂತ ತುಸು ಹೆಚ್ಚು. ಗಂಡಸರಿಗೆ ಮಿತಿ 60 ಗ್ರಾಂ ಎಂದಿಟ್ಟರೆ ದಿನಕ್ಕೊಂದು ಕ್ವಾರ್ಟರ್ ಕುಡಿಯುವವನು ಮಿತಿ ದಾಟಿದ. ಅಮೆರಿಕದ 5 ಡ್ರಿಂಕ್ ಮಿತಿ ಇಟ್ಟರೆ ಅದೇ ಮನುಷ್ಯ ಮಿತಿಯೊಳಗೇ ಉಳಿದ! ಹಾಗಾಗಿ ಗ್ರಾಂನಲ್ಲೇ ದಾಖಲಿಸಿ.

ಉತ್ತರ 3:
ಪರೀಕ್ಷೆ ಬೇಕು, ಆದರೆ ತಾಳೆ ನೋಡುವುದಕ್ಕೆ. ಮೂತ್ರದ ಇಟಿಜಿ (ದೇಹದಲ್ಲಿ ಆಲ್ಕೋಹಾಲ್‌ನಿಂದ ಉಂಟಾಗುವ ವಸ್ತು) ಹಿಂದಿನ ಎರಡು ಮೂರು ದಿನಗಳನ್ನಷ್ಟೇ ಕಾಣುತ್ತದೆ. ಮೂತ್ರನಾಳದ ಸೋಂಕಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಸುಳ್ಳು ನೆಗೆಟಿವ್ ಕೊಡಬಹುದು, ಆಲ್ಕೋಹಾಲ್ ಇರುವ ಮೌತ್‌ವಾಶ್ ಸುಳ್ಳು ಪಾಸಿಟಿವ್ ಕೊಡಬಹುದು. ಕುಡಿದಾಗ ಮಾತ್ರ ರಕ್ತದಲ್ಲಿ ಉಂಟಾಗುವ ಫಾಸ್ಫಟೈಡಿಲ್‌ಎಥನಾಲ್ ಎರಡರಿಂದ ನಾಲ್ಕು ವಾರ ಹಿಂದಿನದನ್ನು ತೋರಿಸುತ್ತದೆ, ನನ್ನ ಆಯ್ಕೆ ಅದೇ. ರಕ್ತ ತೆಗೆಯುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬೇಡಿ. ಲಿವರ್ ಕಿಣ್ವವಾದ ಜಿಜಿಟಿ ಒಂದನ್ನೇ ನಂಬಿದರೆ ಕೆಟ್ಟಿರಿ: ಮೂರ್ಛೆರೋಗದ ಮಾತ್ರೆ ಫಿನಿಟಾಯಿನ್ ನುಂಗುವವರಲ್ಲೂ ಕೊಬ್ಬಿದ ಲಿವರ್ ಇರುವವರಲ್ಲೂ ಅದು ಏರಿರುತ್ತದೆ.

ರಕ್ತ ಕೊಡುವುದಿದೆ ಎಂದು ಪ್ರಶ್ನೆ ಕೇಳುವ ಮೊದಲೇ ತಿಳಿಸಿ. "ಕುಡಿದಿಲ್ಲ" ಎಂದವರಲ್ಲಿ ಪರೀಕ್ಷೆ ಪಾಸಿಟಿವ್ ಬಂದವರ ಪ್ರಮಾಣವನ್ನು ಎರಡೂ ಗುಂಪುಗಳಲ್ಲಿ ಹೋಲಿಸಿ. ಎರಡೂ ಕಡೆ ಸರಿಸುಮಾರು ಒಂದೇ ಇದ್ದರೆ ಹೋಲಿಕೆ ಅಷ್ಟಾಗಿ ಕೆಡುವುದಿಲ್ಲ. ಒಂದೇ ಗುಂಪಿನಲ್ಲಿ ಹೆಚ್ಚಿದ್ದರೆ ಫಲಿತಾಂಶವೇ ಸುಳ್ಳಾಗಬಹುದು. ಫಾಲೋ ಅಪ್‌ಗೆ ಬಾರದವರ ದಿನಗಳನ್ನು ಹೇಗೆ ಎಣಿಸುತ್ತೀರಿ ಎಂಬುದನ್ನೂ ಪ್ರೋಟೊಕಾಲ್‌ನಲ್ಲೇ ಬರೆದುಬಿಡಿ, ಮತ್ತೆ ಕುಡಿಯತೊಡಗಿದವರೇ ಹೆಚ್ಚಾಗಿ ತಪ್ಪಿಸಿಕೊಳ್ಳುವುದು.