ಸಿಗ್ಮಾ ಗೊತ್ತಿಲ್ಲ: ಝಡ್ ಟೆಸ್ಟೋ, ಟಿ ಟೆಸ್ಟೋ?

ಪ್ರಶ್ನೆ: ಮೇಡಂ, ಯಂತ್ರವೊಂದು ಕತ್ತರಿಸುವ ಸರಳುಗಳ ಸರಾಸರಿ ಉದ್ದ 50 ಮಿ.ಮೀ. ಹೌದೋ ಅಲ್ಲವೋ ನೋಡಬೇಕಿತ್ತು. 9 ಸರಳು ಅಳೆದೆ. ಸರಾಸರಿ 50.6, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಳತೆಗಳ ಏರುಪೇರು) 0.9. ವ್ಯತ್ಯಾಸ ನಿಜವೋ ಆಕಸ್ಮಿಕವೋ ಅಂತ ನೋಡೋ ಎರಡು ಟೆಸ್ಟ್ ಮಾಡಿದೆ: ಝಡ್ ಪ್ರಕಾರ ವ್ಯತ್ಯಾಸ ಇದೆ, ಟಿ ಪ್ರಕಾರ ಹಾಗೆ ಹೇಳೋಕಾಗಲ್ಲ. ಸ್ಯಾಂಪಲ್ 30 ದಾಟಿದರೆ ಝಡ್, ಇಲ್ಲದಿದ್ದರೆ ಟಿ ಅಂತ ಓದಿದ ನೆನಪು. ಯಾವುದನ್ನು ನಂಬಲಿ?

ಉತ್ತರ: ಟಿ. ಆದರೆ ಕಾರಣ ಆ 30 ಅಲ್ಲ. ಆ 0.9 ಎಲ್ಲಿಂದ ಬಂತು ಅನ್ನೋದನ್ನು ಮೊದಲು ಕೇಳಿಕೊಳ್ಳಿ. ನೀವು ಅಳೆದ ಅದೇ 9 ಸರಳುಗಳಿಂದ ತಾನೇ? ಹಾಗಾದರೆ ಅದು ಸಿಗ್ಮಾ (ಯಂತ್ರ ಕತ್ತರಿಸುವ ಎಲ್ಲ ಸರಳುಗಳ ನಿಜವಾದ ಸ್ಟ್ಯಾಂಡರ್ಡ್ ಡೀವಿಯೇಷನ್) ಅಲ್ಲ, ಸಿಗ್ಮಾದ ಅಂದಾಜು.

0.6 ಅನ್ನು 0.9/3 ರಿಂದ (3 ಅಂದರೆ 9ರ ವರ್ಗಮೂಲ), ಅಂದರೆ 0.3 ರಿಂದ ಭಾಗಿಸಿದರೆ 2.0. ಎರಡು ಟೆಸ್ಟಿಗೂ ಇದೇ ಉತ್ತರ, ಬೇರೆಯಾಗೋದು ಗಡಿ ಮಾತ್ರ: ಉತ್ತರ ಅದನ್ನು ದಾಟಿದರಷ್ಟೇ ವ್ಯತ್ಯಾಸ ಇದೆ ಅನ್ನಬಹುದು. 5 ಶೇಕಡಾ ಮಟ್ಟದಲ್ಲಿ (ಅಂದರೆ ಇಲ್ಲದ ವ್ಯತ್ಯಾಸವನ್ನು ಇದೆ ಅನ್ನೋ ತಪ್ಪು ನೂರಕ್ಕೆ 5 ಸಲ ಆಗಬಹುದು ಅಂತ ಒಪ್ಪಿಕೊಂಡು), ಹೆಚ್ಚು, ಕಡಿಮೆ ಎರಡೂ ಬದಿ ನೋಡಿದರೆ, ಝಡ್ ಗಡಿ 1.96, 8 ಡಿಗ್ರೀಸ್ ಆಫ್ ಫ್ರೀಡಮ್‌ಗೆ (ಇಲ್ಲಿ ಅಳತೆಗಳ ಸಂಖ್ಯೆಗಿಂತ ಒಂದು ಕಡಿಮೆ) ಟಿ ಗಡಿ 2.306. ನಿಮ್ಮ 2.0 ಸರಿಯಾಗಿ ಇವೆರಡರ ನಡುವೆ ಸಿಕ್ಕಿಹಾಕಿಕೊಂಡಿದೆ.

ಟಿ ಯಾಕೆ ಇಷ್ಟು ಬಿಗಿ? ಒಂಬತ್ತೇ ಅಳತೆಯಿಂದ ತೆಗೆದ ಸ್ಟ್ಯಾಂಡರ್ಡ್ ಡೀವಿಯೇಷನ್ ಕಾಲು ಭಾಗದಷ್ಟು ಆಚೀಚೆ ಆಗೋದು ಮಾಮೂಲು. ನಿಜವಾದ ಸಿಗ್ಮಾ 1.1 ಇದ್ದಿದ್ದರೆ ನಿಮ್ಮ 2.0 ಇಳಿದು 1.64 ಆಗುತ್ತಿತ್ತು, 0.7 ಇದ್ದಿದ್ದರೆ 2.57. ಝಡ್ ಈ ಅನುಮಾನವನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯಲ್ಲಿದ್ದ ವಿಲಿಯಂ ಗಾಸೆಟ್‌ಗೆ ಕಾಡಿದ್ದೂ ಸಣ್ಣ ಸ್ಯಾಂಪಲ್‌ಗಳ ಇದೇ ತೊಂದರೆ. 1908ರಲ್ಲಿ ‘ಸ್ಟೂಡೆಂಟ್’ ಅನ್ನೋ ಹೆಸರಲ್ಲಿ ಅವರು ಪರಿಹಾರ ಪ್ರಕಟಿಸಿದರು. ‘ಸ್ಟೂಡೆಂಟ್ ಟಿ’ ಅಂತ ನಾವು ಕರೆಯೋದು ಅದಕ್ಕೇ.

30ರ ಮಾತು ಅಚ್ಚಿನ ಕೋಷ್ಟಕ ನೋಡುತ್ತಿದ್ದ ಕಾಲದ ಅನುಕೂಲ. ಸ್ಯಾಂಪಲ್ 30 ಇದ್ದಾಗಲೂ ಟಿ ಗಡಿ 2.045. ಈಗ ಸಾಫ್ಟ್‌ವೇರ್ ಇರುವಾಗ, ಸಿಗ್ಮಾ ಗೊತ್ತಿಲ್ಲದಿದ್ದರೆ ಸ್ಯಾಂಪಲ್ ಎಷ್ಟೇ ಇರಲಿ, ಟಿ ಬಳಸಿ. ಸ್ಯಾಂಪಲ್ ದೊಡ್ಡದಾದಂತೆ ಅದು ತಾನಾಗೇ ಝಡ್ ಹತ್ತಿರ ಬರುತ್ತೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ: 9 ಅಳತೆಗಳನ್ನೂ ಚುಕ್ಕಿ ಇಟ್ಟು ನೋಡಿ. ಒಂದೇ ಒಂದು ಸರಳು ವಿಪರೀತ ಉದ್ದ ಇದ್ದರೆ ಸರಾಸರಿಯೂ ಕೆಡುತ್ತೆ, ಡೀವಿಯೇಷನ್ನೂ ಕೆಡುತ್ತೆ. ಅಂಥ ಸಣ್ಣ ಸ್ಯಾಂಪಲ್‌ನಲ್ಲಿ ಟಿ ಟೆಸ್ಟ್ ಕೂಡ ಕೈಕೊಡುತ್ತೆ.

ಪ್ರಶ್ನೆ: ಎರಡು ಯಂತ್ರ ಹೋಲಿಸಬೇಕಾದರೆ?

ಉತ್ತರ: ವೆಲ್ಚ್ ಟಿ ಟೆಸ್ಟ್. ಎರಡರ ಏರುಪೇರೂ ಒಂದೇ ಅಂತ ಅದು ಊಹಿಸಿಕೊಳ್ಳಲ್ಲ.

ಪ್ರಶ್ನೆ: ಹಾಗಾದರೆ ದೋಷದ ಪ್ರಮಾಣ 4 ಶೇಕಡಾ ಹೌದೋ ಅಲ್ಲವೋ ನೋಡೋವಾಗ ಝಡ್ ಯಾಕೆ? ಅಲ್ಲೂ ಸಿಗ್ಮಾ ಗೊತ್ತಿಲ್ಲವಲ್ಲ?

ಉತ್ತರ: ಒಳ್ಳೇ ಪ್ರಶ್ನೆ. ಅಲ್ಲಿ ಅದನ್ನು ಬೇರೆಯಾಗಿ ಅಂದಾಜು ಮಾಡೋ ಅಗತ್ಯವೇ ಇಲ್ಲ. ಪ್ರಮಾಣ 0.04 ಅಂತ ಇಟ್ಟುಕೊಂಡ ಕ್ಷಣವೇ ವೇರಿಯನ್ಸ್ (ಸಿಗ್ಮಾದ ವರ್ಗ) 0.04 × 0.96 ಅಂತ ನಿಗದಿಯಾಗಿಬಿಡುತ್ತೆ. 400 ಸರಳು ಪರೀಕ್ಷಿಸಿದರೆ 16 ದೋಷ ನಿರೀಕ್ಷಿಸಬಹುದು, ಝಡ್ ಸಾಕು. 50 ಮಾತ್ರ ಇದ್ದರೆ ನಿರೀಕ್ಷೆ ಬರೀ 2. ಎಣಿಕೆ ಇಷ್ಟು ಕಡಿಮೆ ಇದ್ದಾಗ ಝಡ್‌ನ ಅಂದಾಜು ಸರಿ ಕೂರಲ್ಲ. ಆಗ ಝಡ್ ಬಿಟ್ಟು, ದೋಷಗಳ ಎಣಿಕೆಯ ಸಂಭವನೀಯತೆಯನ್ನೇ ನೇರವಾಗಿ ಲೆಕ್ಕ ಹಾಕೋ ಬೈನಾಮಿಯಲ್ ಟೆಸ್ಟ್ ಮಾಡಿ.